ಸಿಎಸ್‌ಎಸ್ ಎಲ್ಲಿ ಹೋಯ್ತು? ಸ್ಟ್ಯಾಟಿಕ್ ಫೈಲುಗಳ ಸಣ್ಣ ಇತಿಹಾಸ

ಲ್ಯಾಪ್‌ಟಾಪಲ್ಲಿ ಚೆನ್ನಾಗಿದ್ದ ಜಾಂಗೊ ಸೈಟು ಪ್ರೊಡಕ್ಷನ್‌ಗೆ ಹೋದ ಕೂಡಲೇ ಬಣ್ಣ, ಲೇಔಟ್ ಎಲ್ಲ ಕಳ್ಕೊಂಡು ಬರೀ ಅಕ್ಷರ ತೋರಿಸುತ್ತೆ. ಟೀಮಿಗೆ ಹೊಸದಾಗಿ ಬಂದವರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಇದು. ಡೀಬಗ್ ಸೆಟ್ಟಿಂಗ್ ಆಫ್ ಮಾಡಿದ್ರೆ ಜಾಂಗೊ ಸ್ಟ್ಯಾಟಿಕ್ ಫೈಲ್ ಕೊಡೋದನ್ನ ನಿಲ್ಲಿಸುತ್ತೆ, ಅಷ್ಟೇ. ಯಾಕೆ ಹಾಗೆ ಅಂತ ತಿಳಿಯೋಕೆ ಸ್ವಲ್ಪ ಹಿಂದೆ ಹೋಗ್ಬೇಕು.

1990ರ ಕೊನೆಗೆ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್ ಸರ್ವರ್ ಬರೆದರು. ಅದರ ಮುಖ್ಯ ಕೆಲಸವೇ ಫೈಲ್ ಕೊಡೋದು. 1993ರಲ್ಲಿ ಸಿಜಿಐ ಬಂತು. ಯುಆರ್‌ಎಲ್ ಕೇಳಿದರೆ ಪ್ರೋಗ್ರಾಂ ಕೂಡ ಓಡಬಹುದು ಅಂತಾಯ್ತು. ಆದರೂ ಫೈಲೇ ನಿಯಮ, ಪ್ರೋಗ್ರಾಂ ಅಪವಾದ. 1995ರ ಅಪಾಚೆ ಕೂಡ ಇದೇ ದಾರಿಯಲ್ಲಿ ನಡೆಯಿತು.

2004ರ ರೈಲ್ಸ್, 2005ರ ಜಾಂಗೊ ಇದನ್ನ ತಲೆಕೆಳಗು ಮಾಡಿದವು. ಯುಆರ್‌ಎಲ್ ಅಂದರೆ ಫೋಲ್ಡರಿನ ದಾರಿ ಅಲ್ಲ, ಯಾವ ಕೋಡ್ ಓಡಬೇಕು ಅನ್ನೋ ಸೂಚನೆ. ಈಗ ಒಂದು ಲೋಗೋ ಕೊಡೋಕೂ ಪೈಥಾನ್ ವರ್ಕರ್ ಬೇಕು ಅಂದ್ರೆ, ಅಡುಗೆ ಭಟ್ಟರನ್ನೇ ಪಂಕ್ತಿಗೆ ನೀರು ಬಡಿಸೋಕೆ ಕಳಿಸಿದ ಹಾಗೆ. ಒಲೆ ಮೇಲಿನ ಸಾರು ಯಾರು ನೋಡ್ತಾರೆ?

ಅದೇ 2004ರಲ್ಲಿ ಇಗೊರ್ ಸಿಸೋಯೆವ್ ಎಂಜಿನ್‌ಎಕ್ಸ್ ಬಿಡುಗಡೆ ಮಾಡಿದ್ದರು. ಒಂದೇ ಪ್ರಾಸೆಸ್ ಸಾವಿರಾರು ಕನೆಕ್ಷನ್ ನೋಡಿಕೊಳ್ಳುತ್ತೆ. ಸೆಂಡ್‌ಫೈಲ್ ಬಳಸಿದರೆ ಫೈಲು ಪ್ರೋಗ್ರಾಮಿನ ಮೆಮೊರಿಗೆ ಬರದೆ, ಕರ್ನಲ್‌ನಿಂದಲೇ ಸಾಕೆಟ್ಟಿಗೆ ಹೋಗುತ್ತೆ. ಹೀಗೆ ಕೆಲಸ ಹಂಚಿಕೆಯಾಯ್ತು: ಮುಂದೆ ಎಂಜಿನ್‌ಎಕ್ಸ್, ಹಿಂದೆ ಆ್ಯಪ್. 2011ರಲ್ಲಿ ಜಾಂಗೊ 1.3 ತಂದ ಕಲೆಕ್ಟ್‌ಸ್ಟ್ಯಾಟಿಕ್ ಈ ಹಂಚಿಕೆಗೇ ಇರೋದು. ಅಲ್ಲಲ್ಲಿ ಚದುರಿದ ಫೈಲನ್ನೆಲ್ಲ ಒಂದು ಕಡೆ ಸೇರಿಸಿ ಮುಂದಿನವರ ಕೈಗೆ ಕೊಡುತ್ತೆ.

"ಫೈಲ್ ಕೊಡೋದೇನು ಮಹಾ ಕೆಲಸ?" ಅನ್ನೋರಿಗೆ 2021ರ ಅಕ್ಟೋಬರ್ ನೆನಪಿಸ್ತೀನಿ. ಅಪಾಚೆ 2.4.49ರಲ್ಲಿ ಯುಆರ್‌ಎಲ್ ದಾರಿ ಸರಿಮಾಡೋ ಕೋಡ್ ಬದಲಾಗಿತ್ತು. ಚುಕ್ಕಿಗಳನ್ನ ಎನ್‌ಕೋಡ್ ಮಾಡಿ ಕಳಿಸಿದರೆ, ಬಿಗಿ ಕಾನ್ಫಿಗರೇಶನ್ ಇಲ್ಲದ ಸರ್ವರಲ್ಲಿ ಫೋಲ್ಡರ್ ದಾಟಿ ಹೊರಗಿನ ಫೈಲ್ ಓದಬಹುದಿತ್ತು. ಸಿಜಿಐ ಕೂಡ ಆನ್ ಇದ್ದರೆ ಕಮಾಂಡೇ ಓಡಿಸಬಹುದಿತ್ತು. 2.4.50ರ ರಿಪೇರಿ ಸಾಲದೆ, ಕೆಲವೇ ದಿನಗಳಲ್ಲಿ 2.4.51 ಬಂತು. ಇಪ್ಪತ್ತೈದು ವರ್ಷ ಪಳಗಿದ ಸರ್ವರಿಗೇ ಹೀಗಾದರೆ, ಡೆವಲಪ್‌ಮೆಂಟಿಗೆ ಅಂತ ಬರೆದ ಪುಟ್ಟ ಸರ್ವರನ್ನ ಇಂಟರ್ನೆಟ್ಟಿಗೆ ಬಿಡೋದು ಹೇಗೆ?

ಹಾಗಾಗಿ ಸಿಎಸ್‌ಎಸ್ ಕಾಣದಿದ್ದಾಗ ಡೀಬಗ್ ಆನ್ ಮಾಡಿ ಮನೆಗೆ ಹೋಗ್ಬೇಡಿ. ಫೈಲ್ ಕೊಡೋ ಕೆಲಸ ಯಾರದ್ದು ಅಂತ ಮೊದಲು ನಿರ್ಧರಿಸಿ: ಎಂಜಿನ್‌ಎಕ್ಸ್, ಸಿಡಿಎನ್, ಅಥವಾ ವೈಟ್‌ನಾಯ್ಸ್.