ಟೈಮ್ ಮಷೀನು ಪುತ್ತೂರಲ್ಲೇ ಇತ್ತು, ನೋಡಿದವರು ಯಾರು?

ಪುತ್ತೂರು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲು. ಚಾ, ಗೋಳಿಬಜೆ ಮುಂದಿಟ್ಟುಕೊಂಡು ನಾಲ್ಕು ಜನ ಕಾಲೇಜು ಹುಡುಗರು ಜೋರು ವಾದ ಮಾಡ್ತಾ ಇದ್ರು. ನಾನು ಚುನಾವಣೆ ಸುದ್ದಿ ಇರಬೇಕು ಅಂದುಕೊಂಡೆ. ಅಲ್ವೇ ಅಲ್ಲ! 'ಇಂಟರ್‌ಸ್ಟೆಲ್ಲಾರ್' ದೊಡ್ಡದಾ, 'ಡ್ಯೂನ್' ದೊಡ್ಡದಾ ಅನ್ನೋ ಜಗಳ. ಒಬ್ಬ ಸುಳ್ಯದವನು, ಇನ್ನೊಬ್ಬ ಕಡಬದವನು. ಸೀಸನ್ ಸೀಸನ್ ಲೆಕ್ಕದಲ್ಲಿ ಸೀರೀಸ್‌ಗಳ ಪಟ್ಟಿ ಕೊಡ್ತಾ ಇದ್ರು. ನಾನು ಸುಮ್ಮನೆ ಕೇಳಿದೆ: "ಕನ್ನಡದಲ್ಲಿ ಏನು ಓದಬಹುದು ಮಾರಾಯ್ರೇ?" ನಾಲ್ವರೂ ಮುಖ ಮುಖ ನೋಡಿಕೊಂಡ್ರು.

ವೀಕ್ಷಕರೇ, ಆ ಮೌನ ನನ್ನನ್ನು ಚುಚ್ಚಿತು. ಯಾಕೆ ಗೊತ್ತಾ? ಅವರು ಕೂತಿದ್ದ ಜಾಗದಿಂದ ಪರ್ಲಡ್ಕದ ಬಾಲವನ ದೂರವೇನಿಲ್ಲ. ಶಿವರಾಮ ಕಾರಂತರು ಸುಮಾರು ನಾಲ್ಕು ದಶಕ ಬದುಕಿದ ಊರು ಇದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1936. ದೇಶಕ್ಕೆ ಸ್ವಾತಂತ್ರ್ಯ ಬಂದಿಲ್ಲ. ಆಗ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ತಂದರು. ಮೂರು ಸಂಪುಟ! ಆಮೇಲೆ 1959ರಿಂದ 1964ರ ನಡುವೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ', ನಾಲ್ಕು ಸಂಪುಟ. ಗೂಗಲ್ ಇಲ್ಲ, ಕಂಪ್ಯೂಟರ್ ಇಲ್ಲ. ನಕ್ಷತ್ರ, ಜೀವಕೋಶ, ಯಂತ್ರ, ಎಲ್ಲವನ್ನೂ ಒಬ್ಬ ಮನುಷ್ಯ ಓದಿ, ಅರಗಿಸಿಕೊಂಡು, ಕನ್ನಡದಲ್ಲಿ ಬರೆದ. ರೇಚಲ್ ಕಾರ್ಸನ್ ಅವರ ಸಮುದ್ರದ ಪುಸ್ತಕವನ್ನೂ ಕನ್ನಡಕ್ಕೆ ತಂದವರು ಇವರೇ.

ಇದು ವಿಜ್ಞಾನ ಸರಿ, ಕಥೆ ಎಲ್ಲಿ ಅಂತೀರಾ? ಬರ್ತೀನಿ. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1895ರಲ್ಲಿ 'ದಿ ಟೈಮ್ ಮಷೀನ್' ಬರೆದ. ಕಾಲದಲ್ಲಿ ಓಡಾಡೋಕೆ ಅವನಿಗೊಂದು ಯಂತ್ರ ಬೇಕಾಯ್ತು. 1968ರಲ್ಲಿ ಕಾರಂತರ 'ಮೂಕಜ್ಜಿಯ ಕನಸುಗಳು' ಬಂತು. ಇಲ್ಲಿ ಯಂತ್ರವೇ ಇಲ್ಲ! ಒಬ್ಬ ಮುದುಕಿ. ಅವಳ ಕೈಗೆ ಹಳೆಯ ವಸ್ತುವೊಂದನ್ನು ಕೊಟ್ಟರೆ ಸಾಕು, ಅದರ ಹಿಂದಿನ ಕಾಲ ಕಣ್ಣಿಗೆ ಕಟ್ಟುತ್ತೆ. ಮೊಮ್ಮಗ ಸುಬ್ಬರಾಯ ಬೆರಗಾಗಿ ಕೇಳ್ತಾನೆ. ಇದನ್ನು ವೈಜ್ಞಾನಿಕ ಕಾದಂಬರಿ ಅಂತ ನಾನು ಹೇಳಲ್ಲ, ವಿಮರ್ಶಕರು ಬೈತಾರೆ. ಆದರೆ ಕಾಲ ಅನ್ನೋದು ಏನು, ದೇವರು ಹೇಗೆ ಹುಟ್ಟಿದ ಅಂತ ಕೇಳೋ ಧೈರ್ಯ ಇದೆಯಲ್ಲ, ಒಳ್ಳೆಯ ಸೈನ್ಸ್ ಫಿಕ್ಷನ್ ಕೇಳೋದೂ ಅದನ್ನೇ. ಈ ಕೃತಿಗೆ ಜ್ಞಾನಪೀಠ ಬಂತು. 2019ರಲ್ಲಿ ಪಿ. ಶೇಷಾದ್ರಿ ಸಿನಿಮಾ ಮಾಡಿದರು. ಆ ಹುಡುಗರು ಎರಡನ್ನೂ ನೋಡಿರಲಿಲ್ಲ.

ಇನ್ನೊಂದು ಹೇಳ್ತೀನಿ. ತೇಜಸ್ವಿಯವರ 'ಕರ್ವಾಲೊ', 1980. ಒಬ್ಬ ವಿಜ್ಞಾನಿ, ಜೇನು ಹಿಡಿಯೋ ಮಂದಣ್ಣ, ಇವರೆಲ್ಲ ಸೇರಿ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗ್ತಾರೆ. ಕೋಟ್ಯಂತರ ವರ್ಷದ ಜೀವವಿಕಾಸ ಒಂದು ಓತಿಕ್ಯಾತದ ಬೆನ್ನ ಮೇಲೆ! ತಮಾಷೆ ಅಂದ್ರೆ, ಹಾರುವ ಓತಿ ನಮ್ಮ ಘಟ್ಟದ ಅಡಿಕೆ ತೋಟದಲ್ಲೇ ಮರದಿಂದ ಮರಕ್ಕೆ ತೇಲುತ್ತೆ. ಬೇರೆ ಗ್ರಹದ ಪ್ರಾಣಿಗೆ ಟಿಕೆಟ್ ಕೊಟ್ಟು ಹೋಗ್ತೀವಿ, ತೋಟದ ಪ್ರಾಣಿಯನ್ನು ತಲೆ ಎತ್ತಿ ನೋಡಲ್ಲ.

ಅಪ್ಪಟ ವೈಜ್ಞಾನಿಕ ಕಥೆಯೇ ಬೇಕಾ? ರಾಜಶೇಖರ ಭೂಸನೂರಮಠರನ್ನು ಓದಿ. ಸಿನಿಮಾನೇ ಬೇಕಾ? ರಜನಿಕಾಂತ್ 2010ರಲ್ಲಿ 'ಎಂದಿರನ್' ರೋಬೋ ಆಗೋದಕ್ಕೆ ಎಂಟು ವರ್ಷ ಮೊದಲೇ, 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬೋ ಆಗಿದ್ರು. ಮರೆತುಬಿಟ್ವಿ!

ಇನ್ನು ಸುಳ್ಯದ ಹುಡುಗನಿಗೊಂದು ಮಾತು. ಅಮೆರಿಕದ ಫಿಲಿಪ್ ಕೆ. ಡಿಕ್ 1962ರಲ್ಲಿ ಒಂದು ಕಾದಂಬರಿ ಬರೆದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್ ಗೆದ್ದಿದ್ರೆ? ಅಷ್ಟೇ ಪ್ರಶ್ನೆ. ಅದು ವೆಬ್ ಸೀರೀಸೂ ಆಯ್ತು. ನಿನ್ನ ಊರಲ್ಲೂ ಅಂಥದ್ದೇ ಪ್ರಶ್ನೆ ಇದೆಯಪ್ಪಾ. 1834ರಲ್ಲಿ ಕೊಡಗನ್ನು ಕಂಪನಿ ನುಂಗಿತು. ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಕೊಡ್ತಿದ್ದ ಕಂದಾಯವನ್ನು ನಗದಲ್ಲಿ ಕೊಡಿ ಅಂತು. 1837ರಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳತ್ವ. ಬೆಳ್ಳಾರೆಯ ಖಜಾನೆ ಕೈವಶ. ಏಪ್ರಿಲ್ ಹೊತ್ತಿಗೆ ಮಂಗಳೂರೇ ಅವರದ್ದು! 13 ದಿನ. ಆಮೇಲೆ ಕಂಪನಿ ಸೈನ್ಯ ಬಂತು, ನೇಣುಗಂಬ ಬಂತು. ಆ ಹದಿಮೂರು ದಿನ ಹದಿಮೂರು ವರ್ಷ ಆಗಿದ್ರೆ? 1857ಕ್ಕೆ ಮೊದಲೇ ಚರಿತ್ರೆ ಬೇರೆ ದಾರಿ ಹಿಡಿದಿದ್ರೆ? ಬರೆಯೋಕೆ ಯಾರಿದ್ದಾರೆ?

ಕೊನೆಗೆ ಮತ್ತೆ ಕಾರಂತರ ಹತ್ತಿರ. ವಿಜ್ಞಾನವನ್ನು ಮನೆ ಮನೆಗೆ ತಂದ ಅದೇ ಮನುಷ್ಯ 1989ರಲ್ಲಿ, 87ನೇ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರ ಬೇಡ ಅಂತ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಸೋತರು. ಅವರು ಹೇಳಿದ್ದು ಸರಿಯೋ ತಪ್ಪೋ, ಚರ್ಚೆ ಮಾಡಿ. ಆದರೆ ವಿಜ್ಞಾನವನ್ನು ಪ್ರೀತಿಸುತ್ತಲೇ, 'ಮುಂದೇನಾಗುತ್ತೆ?' ಅಂತ ಕೇಳಿದರಲ್ಲ, ಅದು ಮುಖ್ಯ.

ಆ ಹುಡುಗರ ತಪ್ಪಿಲ್ಲ ಸ್ವಾಮಿ. 'ಇದನ್ನು ಓದು' ಅಂತ ನಾವು ಯಾವತ್ತಾದ್ರೂ ಹೇಳಿದ್ವಾ? ಅವತ್ತು ಹೋಟೆಲಿನ ಬಿಲ್ಲಿನ ಹಿಂದೆ 'ಮೂಕಜ್ಜಿ', 'ಕರ್ವಾಲೊ' ಅಂತ ಬರೆದುಕೊಟ್ಟು ಬಂದೆ. ನಿಮ್ಮ ಮನೆಯಲ್ಲೂ ಒಬ್ಬ ಹುಡುಗ, ಒಬ್ಬಳು ಹುಡುಗಿ ಇರ್ತಾರೆ. ಇವತ್ತು ರಾತ್ರಿ ನಮ್ಮ ಚಾನೆಲ್ಲನ್ನೇ ಅರ್ಧ ಗಂಟೆ ಆಫ್ ಮಾಡಿ. ಪರವಾಗಿಲ್ಲ, ನಮ್ಮ ಟಿಆರ್‌ಪಿ ನಾವು ನೋಡ್ಕೋತೀವಿ.