ಕೊಳೆರೋಗ, ಕೋಲ್ಮನ್ ಮತ್ತು ನಮ್ಮ ಕೊನೆಗಾರರು

ಮಲೆನಾಡಿನ ಅಡಿಕೆ ತೋಟ ನೋಡಿದವರು ‘ಎಷ್ಟು ಹಸಿರು!’ ಎನ್ನುತ್ತಾರೆ. ಆ ಹಸಿರಿನ ಬೆಲೆ ತೋಟದವರಿಗೆ ಗೊತ್ತು. ಗುಡ್ಡಗಳ ನಡುವಿನ ತಂಪು, ನೆರಳು, ತೇವ ಅಡಿಕೆ ಮರಕ್ಕೆ ಬೇಕು. ಕೊಳೆರೋಗಕ್ಕೂ ಅದೇ ಬೇಕು. ಆಷಾಢದ ಮಳೆ ಬಿಡದೆ ಹಿಡಿದರೆ ಎಳೆಗಾಯಿ ಕೊಳೆತು ಉದುರುತ್ತದೆ. ವರ್ಷದ ಅನ್ನ ನೆಲದ ಪಾಲಾಗುತ್ತದೆ.

ಹಿಂದೆ ನಮ್ಮ ಹಿರಿಯರ ಬಳಿ ಇದ್ದ ಉಪಾಯ ಒಂದೇ: ಕೊಟ್ಟೆ ಕಟ್ಟುವುದು. ಹಾಳೆ, ಹುಲ್ಲಿನಿಂದ ಕೊಡೆಯಂತೆ ಹೆಣೆದು, ಮರ ಹತ್ತಿ, ಪ್ರತಿ ಗೊನೆಗೂ ಹೊದಿಸಬೇಕು. ಮಳೆಗಾಲಕ್ಕೆ ಮುಂಚೆ ಸಾವಿರಾರು ಗೊನೆಗಳಿಗೆ ಈ ಕೆಲಸ ಮುಗಿಯಬೇಕಿತ್ತು.

1908ರಲ್ಲಿ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ, ಬೂಸ್ಟಿನಂಥ ಸೂಕ್ಷ್ಮಜೀವಿ ಎಂದು ತೋರಿಸಿದರು. ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿದರು.

ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿನ ರೈತರು ದ್ರಾಕ್ಷಿ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ರೋಗ ತಗಲಿರಲಿಲ್ಲ. ಇದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು.

ಲೆಕ್ಕ ಇಂದಿಗೂ ಬದಲಾಗಿಲ್ಲ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹೊಳೆಯುವ ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಅಂಟಿದರೆ ಸುಣ್ಣ ಸಾಲದು ಎಂದರ್ಥ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳ ನಂತರ. ಮಳೆ ನಿಲ್ಲದಿದ್ದರೆ ಇನ್ನೊಂದು.

ಮದ್ದು ಬಂದರೂ ಮರ ಹತ್ತುವ ಕಷ್ಟ ತಪ್ಪಲಿಲ್ಲ. ಜಾರುವ ಮರ ಹತ್ತಿ, ಮೇಲಿನಿಂದಲೇ ಪಕ್ಕದ ಮರಕ್ಕೆ ದಾಟಿ, ಗೊನೆ ಗೊನೆಗೂ ಔಷಧಿ ಹೊಡೆದವರು ಕೊನೆಗಾರರು. ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಅವರಲ್ಲೇ ಇದ್ದಾರೆ. ಇಂದು ಅವರ ಮಕ್ಕಳು ಬೇರೆ ದುಡಿಮೆ ಹಿಡಿದಿದ್ದಾರೆ. ನೆಲದಲ್ಲೇ ನಿಂತು ಸಿಂಪಡಿಸುವ ಫೈಬರ್ ದೋಟಿ ತೋಟಕ್ಕೆ ಬಂದಿದೆ. ಜೀವಭಯ ಕಡಿಮೆಯಾದದ್ದು ಒಳ್ಳೆಯದೇ.

ಆದರೆ ಕೋಲ್ಮನ್ ಹೆಸರು ಪುಸ್ತಕದಲ್ಲಿ ಉಳಿಯಿತು, ಕೊನೆಗಾರರ ಹೆಸರು ಉಳಿಯಲಿಲ್ಲ. ನೂರು ವರ್ಷ ಈ ತೋಟಗಳನ್ನು ಹಸಿರಾಗಿ ಕಾದವರು ಇಬ್ಬರೂ. ನಿಮ್ಮೂರಿನಲ್ಲಿ ಹಳೆಯ ಕೊನೆಗಾರರು ಇದ್ದರೆ ಈ ಮಳೆಗಾಲದಲ್ಲೇ ಅವರ ಬಳಿ ಕುಳಿತು ಕೇಳಿ. ಕೊಟ್ಟೆ ಹೆಣೆಯುವ ಬಗೆಯನ್ನೂ ಅವರ ಹೆಸರನ್ನೂ ಬರೆದಿಡಿ.