ಗಡಿ ದಾಟಿದ ಕೃತಿಸ್ವಾಮ್ಯ

ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1842ರಲ್ಲಿ ಅಮೆರಿಕಕ್ಕೆ ಹೋದಾಗ ಅದ್ದೂರಿ ಸ್ವಾಗತ ದೊರೆಯಿತು. ಆತನ ಕಾದಂಬರಿಗಳು ಅಲ್ಲಿ ಮನೆಮಾತಾಗಿದ್ದವು. ಆದರೆ ಅವನ್ನು ಅಚ್ಚುಹಾಕಿ ಮಾರುವವರು ಲೇಖಕನಿಗೆ ಹಣ ಕೊಡಬೇಕೆಂಬ ಕಾನೂನು ಇರಲಿಲ್ಲ. 1790ರ ಅಮೆರಿಕದ ಕಾಯಿದೆ ರಕ್ಷಿಸಿದ್ದು ಅಲ್ಲಿನ ನಾಗರಿಕರ ಹಾಗೂ ನಿವಾಸಿಗಳ ಕೃತಿಗಳನ್ನು ಮಾತ್ರ. ಡಿಕನ್ಸ್ ಸಭೆಗಳಲ್ಲಿ ಈ ಮಾತನ್ನೆತ್ತಿದಾಗ, ಅತಿಥಿಗೆ ದುಡ್ಡಿನದೇ ಚಿಂತೆಯೆಂದು ಹಲವು ಪತ್ರಿಕೆಗಳು ಹರಿಹಾಯ್ದವು. ವಿದೇಶಿ ಲೇಖಕರಿಗೆ ರಕ್ಷಣೆ ಸಿಕ್ಕಿದ್ದು 1891ರಲ್ಲಿ. ಅದೂ ಪುಸ್ತಕ ಅಮೆರಿಕದಲ್ಲೇ ಅಚ್ಚಾಗಬೇಕೆಂಬ ಷರತ್ತಿನ ಮೇಲೆ. 1886ರ ಬರ್ನ್ ಒಪ್ಪಂದಕ್ಕೆ ಆ ದೇಶ ಸೇರಿದ್ದು 1989ರಲ್ಲಿ.

ಅಷ್ಟರಲ್ಲಿ ಚಲನಚಿತ್ರ, ಸಂಗೀತಗಳನ್ನು ಜಗತ್ತಿಗೆಲ್ಲ ಮಾರುವ ದೇಶ ಅದಾಗಿತ್ತು. ಹಾಂಕಾಂಗ್ ಮೂಲದ 'ಮೆಗಾಅಪ್‌ಲೋಡ್' ಎಂಬ ಕಡತ ಹಂಚಿಕೆಯ ಅಂತರ್ಜಾಲ ತಾಣವನ್ನು ಅಮೆರಿಕ 2012ರ ಜನವರಿಯಲ್ಲಿ ಮುಚ್ಚಿಸಿತು. ಕೃತಿಸ್ವಾಮ್ಯ ಉಳ್ಳವರಿಗೆ 50 ಕೋಟಿ ಡಾಲರಿಗೂ ಮಿಕ್ಕ ನಷ್ಟವಾಯಿತೆಂಬುದು ಆರೋಪ. ಸ್ಥಾಪಕ ಕಿಮ್ ಡಾಟ್‌ಕಾಮ್ ಹುಟ್ಟಿದ್ದು ಜರ್ಮನಿಯಲ್ಲಿ, ನೆಲೆಸಿದ್ದು ನ್ಯೂಜಿಲೆಂಡಿನಲ್ಲಿ. ಅಮೆರಿಕದ ಕಾನೂನಿಗೆ ಹಿಡಿ ಸಿಕ್ಕಿದ್ದು ವರ್ಜೀನಿಯಾದಲ್ಲಿ ಬಾಡಿಗೆಗೆ ಪಡೆದಿದ್ದ ಸರ್ವರ್‌ಗಳಿಂದ. ಅದರ ಕೋರಿಕೆಯಂತೆ ನ್ಯೂಜಿಲೆಂಡ್ ಪೊಲೀಸರು ಆತನನ್ನು ಬಂಧಿಸಿದರು. ಆತನ ಮೇಲೆ ಅಕ್ರಮವಾಗಿ ಬೇಹುಗಾರಿಕೆ ನಡೆದದ್ದು ಬಯಲಾಗಿ, ಅದೇ ವರ್ಷ ಪ್ರಧಾನಿ ಜಾನ್ ಕೀ ಕ್ಷಮೆ ಕೇಳಬೇಕಾಯಿತು. ಹಸ್ತಾಂತರದ ಆದೇಶಕ್ಕೆ ಸಚಿವರ ಸಹಿ ಬಿದ್ದದ್ದು 2024ರಲ್ಲಿ!

ತಾಣದೊಡನೆ, ಸ್ವಂತ ಕಡತಗಳನ್ನು ಅಲ್ಲಿರಿಸಿದ್ದ ಬಳಕೆದಾರರ ಪಾಲಿಗೂ ಬಾಗಿಲು ಮುಚ್ಚಿತು. ಡಿಕನ್ಸ್ ಅಳಲಿಗೆ ಅಡ್ಡವಾದ ಗಡಿ ಹಾಲಿವುಡ್ಡಿನ ಅಳಲಿಗೆ ಅಡ್ಡವಾಗಲಿಲ್ಲ. ಕೃತಿಗಳನ್ನು ಕೊಳ್ಳುವ ದೇಶ ಮಾರುವ ದೇಶವಾದಾಗ ನ್ಯಾಯದ ಅಳತೆಗೋಲೂ ಬದಲಾಗುತ್ತದೆ.